ಎಣ್ಣೆಯ ಅಂಟು, ಸವಳಿನ ಕಲೆ, ಜೋಳದ ನುಸಿ

ಮಾನಮಿ ಅಮಾಸಿ ಹತ್ತಿರ ಬಂತೆಂದರೆ ರಾಯಚೂರಿನ ನಮ್ಮ ಓಣಿಯಲ್ಲಿ ಒಂದು ಮನೆಯೂ ಸುಮ್ನೆ ಕೂರುವುದಿಲ್ಲ. ಕೌದಿಗಳು ಮಾಳಿಗೆ ಏರುತ್ತವೆ, ಹಿತ್ತಾಳೆ ಕೊಡಗಳು ಅಂಗಳಕ್ಕೆ ಬರುತ್ತವೆ. ನವರಾತ್ರಿಯ ಘಟ್ಟ ಹಾಕುವುದರೊಳಗೆ ಮನೆ ಪೂರ್ತಿ ತೊಳೆದಿರಬೇಕು. ಪಡಸಾಲೆ, ಕೋಣೆ ಎಲ್ಲ ಸೇರಿ ಒಂದು ದಿನದ ಕೆಲಸ. ಅಡುಗೆಮನೆಗೆ ಮಾತ್ರ ಮೂರು ದಿನ ಬೇಕು. ಬೇರೆ ಕಡೆ ಇರುವುದು ಹೊರಗಿನಿಂದ ಬಂದ ಧೂಳು. ಅಡುಗೆಮನೆಯ ಕೊಳೆ ಅಲ್ಲೇ ಹುಟ್ಟುತ್ತದೆ, ಅಲ್ಲೇ ಬದಲಾಗುತ್ತದೆ, ಅಲ್ಲೇ ಗಟ್ಟಿಯಾಗುತ್ತದೆ. ಯಾವ ಕೊಳೆ ಏನು ಅಂತ ಗೊತ್ತಾದರೆ ಅರ್ಧ ತಿಕ್ಕುವ ಕೆಲಸ ಉಳಿಯುತ್ತದೆ.

ಮೊದಲು ಒಲೆಯ ಹಿಂದಿನ ಗೋಡೆ ನೋಡಿ. ಒಗ್ಗರಣೆ ಹಾಕಿದಾಗ, ಮಿರ್ಚಿ ಕರಿದಾಗ ಎಣ್ಣೆಯ ಸಣ್ಣ ಹನಿಗಳು ಉಗಿಯ ಜೊತೆ ಮೇಲೇರುತ್ತವೆ. ಗೋಡೆ, ಮೇಲಿನ ಮಾಡ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆ, ಎಲ್ಲಿ ತಣ್ಣಗಿದೆಯೋ ಅಲ್ಲಿ ಕೂರುತ್ತವೆ. ಮೊದಲ ವಾರ ಅದು ಬರೀ ಎಣ್ಣೆ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಆರು ತಿಂಗಳು ಬಿಟ್ಟರೆ ಕಂದು ಬಣ್ಣದ ಅಂಟಾಗಿ ಬೆರಳನ್ನೇ ಹಿಡಿಯುತ್ತದೆ. ಧೂಳು ಸೇರಿ ಹೀಗಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಧೂಳು ಆಮೇಲೆ ಬಂದು ಕೂತದ್ದು. ಎಣ್ಣೆಯನ್ನು ಅಂಟು ಮಾಡಿದ್ದು ಗಾಳಿಯಲ್ಲಿರುವ ಆಮ್ಲಜನಕ.

ಎಣ್ಣೆಯ ಅಣುಗಳಲ್ಲಿ ಇಂಗಾಲದ ಉದ್ದನೆಯ ಸರಪಳಿಗಳಿರುತ್ತವೆ. ಕೆಲವು ಸರಪಳಿಗಳ ನಡುವೆ ಜೋಡಿ ಬಂಧ ಎಂಬ ಜಾಗಗಳಿವೆ. ಆಮ್ಲಜನಕ ಕೈ ಹಾಕುವುದು ಆ ಜಾಗದ ಪಕ್ಕದಲ್ಲೇ. ಒಮ್ಮೆ ಅದು ಸೇರಿತೆಂದರೆ ಒಂದು ಸರಪಳಿ ಪಕ್ಕದ ಸರಪಳಿಗೆ ಕೊಂಡಿ ಹಾಕಿಕೊಳ್ಳುತ್ತದೆ, ಅದು ಇನ್ನೊಂದಕ್ಕೆ. ಕೊನೆಗೆ ಹರಿಯುವ ಎಣ್ಣೆ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯಲ್ಲಿ ಮೂರು ಜೋಡಿ ಬಂಧದ ಸರಪಳಿಗಳು ಜಾಸ್ತಿ. ಅದಕ್ಕೇ ಅದನ್ನು ಕಟ್ಟಿಗೆಗೆ ಬಳಿಯುತ್ತಾರೆ, ಚಿತ್ರಕಾರರು ಬಣ್ಣಕ್ಕೆ ಬೆರೆಸುತ್ತಾರೆ. ನಮ್ಮ ಕಡೆಯ ಕುಸುಬೆ ಎಣ್ಣೆಯೂ ಇದೇ ಗುಣದ್ದು. ಸಾಮಾನ್ಯ ತಳಿಯ ಕುಸುಬೆಯಲ್ಲಿ ಮುಕ್ಕಾಲು ಪಾಲಿನಷ್ಟು ಎರಡು ಜೋಡಿ ಬಂಧದ ಲಿನೋಲಿಕ್ ಆಮ್ಲ ಎಂಬ ಸರಪಳಿಯೇ ಇರುತ್ತದೆ. ಬಣ್ಣದ ತಯಾರಿಕೆಯಲ್ಲೂ ಈ ಎಣ್ಣೆ ಬಳಸುತ್ತಾರೆ. ಶೇಂಗಾ ಎಣ್ಣೆಯಲ್ಲಿ ಇಂಥ ಸರಪಳಿ ಕಡಿಮೆ, ಅದು ಅಂಟಾಗುವುದೂ ನಿಧಾನ. ಅಂದರೆ ನಾವು ವರ್ಷವಿಡೀ ಗೋಡೆಗೆ ನಮಗೇ ಗೊತ್ತಿಲ್ಲದೆ ವಾರ್ನಿಷ್ ಬಳಿಯುತ್ತಿರುತ್ತೇವೆ.

ಇದೇ ಕೆಲಸ ದೋಸೆ ಹಂಚಿನ ಮೇಲೂ ನಡೆಯುತ್ತದೆ. ಅಲ್ಲಿ ಅದು ನಮಗೆ ಬೇಕು. ಪಳಗಿದ ಕಬ್ಬಿಣದ ಹಂಚಿನ ಕಪ್ಪು ಹೊಳಪು ಹೀಗೆ ಹೆಣೆದುಕೊಂಡ ಎಣ್ಣೆಯ ಪದರವೇ. ಹಬ್ಬದ ಉತ್ಸಾಹದಲ್ಲಿ ಅದನ್ನೂ ಉಜ್ಜಿ ತೆಗೆದರೆ ಮರುದಿನ ದೋಸೆ ಏಳುವುದಿಲ್ಲ. ದಯವಿಟ್ಟು ಹಂಚನ್ನು ಅದರ ಪಾಡಿಗೆ ಬಿಡಿ.

ವಾರ್ನಿಷ್ ಆದ ಎಣ್ಣೆಯನ್ನು ಬಿಡಿಸಲು ಕ್ಷಾರ ಬೇಕು. ಕ್ಷಾರವು ಎಣ್ಣೆಯ ಅಣುವನ್ನು ಒಡೆದು ಸಾಬೂನು ಮಾಡುತ್ತದೆ. ಸಾಬೂನು ನೀರಿನ ಜೊತೆ ಹೋಗುತ್ತದೆ. ನಮ್ಮ ಹಿರಿಯರು ಪಾತ್ರೆಗೆ ಬೂದಿ, ಬಟ್ಟೆಗೆ ಸವಳು ಮಣ್ಣು ಬಳಸಿದ್ದು ಇದೇ ಗುಣಕ್ಕೆ. ಇವತ್ತು ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ ಸಾಕು. ಕ್ಷಾರ ಎಷ್ಟು ಜೋರು ಅಂತ ಹೇಳುವ ಅಳತೆ ಪಿಎಚ್, ಇದರದು ಸುಮಾರು 11. ಅಡುಗೆ ಸೋಡಾದ್ದು 8ರ ಆಸುಪಾಸು, ಹಳೆಯ ಅಂಟಿಗೆ ಅದು ಸಾಲದು. ಬಿಸಿ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ, ಬಟ್ಟೆ ಅದ್ದಿ, ಗೋಡೆಯ ಟೈಲ್ಸಿಗೆ ಹಚ್ಚಿ ಕಾಲು ಗಂಟೆ ಬಿಡಿ. ಕೆಲಸ ಮಾಡುವುದು ಆ ಕಾಲು ಗಂಟೆ, ತೋಳಿನ ಶಕ್ತಿ ಇಲ್ಲಿ ದೊಡ್ಡದಲ್ಲ. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ಚರ್ಮದ ಎಣ್ಣೆಯನ್ನೂ ಅದು ಬಿಡುವುದಿಲ್ಲ. ನಾವು ಜರ್ಮನ್ ಪಾತ್ರೆ ಅಂತ ಕರೆಯುವ ಅಲ್ಯೂಮಿನಿಯಂಗೆ ಇದನ್ನು ತಾಗಿಸಬೇಡಿ. ಅದನ್ನು ಕಾಯುವ ತೆಳು ಪದರವನ್ನು ಕ್ಷಾರ ಕರಗಿಸುತ್ತದೆ, ಪಾತ್ರೆ ಕಪ್ಪಾಗುತ್ತದೆ.

ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಿ ನೊರೆ ಬರಿಸುವ ವಿಡಿಯೋಗಳನ್ನು ಎಲ್ಲರೂ ನೋಡಿರುತ್ತೀರಿ. ನೋಡಲು ಚಂದ. ಆದರೆ ಕ್ಷಾರವೂ ಆಮ್ಲವೂ ಒಂದನ್ನೊಂದು ತಿಂದು ಮುಗಿಸುತ್ತವೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಇದಕ್ಕಿಂತ ಗಂಭೀರ ವಿಷಯ ಇನ್ನೊಂದಿದೆ. ಬಚ್ಚಲಿಗೆ ಹಾಕುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಅದು ಜೀವಕ್ಕೇ ಅಪಾಯ.

ಹಾಗಾದರೆ ಆಮ್ಲ ಎಲ್ಲಿ ಬೇಕು? ನಲ್ಲಿಯ ಬಾಯಿ, ನೀರಿನ ಸ್ಟೀಲ್ ಡ್ರಮ್ಮಿನ ಅಂಚು ನೋಡಿ. ನಮ್ಮ ಬೋರಿನ ಸವಳು ನೀರು ಒಣಗಿದ ಕಡೆ ಬಿಳಿ ಹೆಪ್ಪು ಬಿಟ್ಟು ಹೋಗುತ್ತದೆ. ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಕಾರ್ಬೊನೇಟ್. ಸಾಬೂನು ಹಚ್ಚಿದಷ್ಟೂ ಅದು ಬಿಡುವುದಿಲ್ಲ. ನಿಂಬೆರಸ ಹಚ್ಚಿದರೆ ಸಣ್ಣಗೆ ಗುಳ್ಳೆ ಎದ್ದು ಕರಗುತ್ತದೆ. ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ತಿಕ್ಕುವುದೂ ಇದೇ ದಾರಿ. ಹುಣಸೆಯ ಟಾರ್ಟಾರಿಕ್ ಆಮ್ಲ ಮೇಲಿನ ಕಪ್ಪು ಪದರವನ್ನು ಕರಗಿಸಿ ಲೋಹವನ್ನು ತೋರಿಸುತ್ತದೆ.

ಆದರೆ ನಿಮ್ಮ ಒಲೆಕಟ್ಟೆ ಯಾವ ಕಲ್ಲಿನದು ಅಂತ ನೋಡದೆ ನಿಂಬೆರಸ ಮುಟ್ಟಬೇಡಿ. ಕೆಲವು ವರ್ಷದ ಹಿಂದೆ ಒಂದು ರಾತ್ರಿ ನಾನು ಹಿಂಡಿದ ಅರ್ಧ ನಿಂಬೆಹಣ್ಣನ್ನು ಕಪ್ಪು ಕಡಪ ಕಲ್ಲಿನ ಮೇಲೆ ಬೋರಲು ಇಟ್ಟು ಮಲಗಿದೆ. ಬೆಳಗ್ಗೆ ಅಲ್ಲಿ ರೂಪಾಯಿಯಷ್ಟು ದೊಡ್ಡ ಮಾಸಲು ಗುರುತು. ಎಷ್ಟು ತಿಕ್ಕಿದರೂ ಹೋಗಲಿಲ್ಲ, ಇವತ್ತಿಗೂ ಇದೆ. ಅವ್ವ ಅದನ್ನು ಸವರಿ ನೋಡಿ "ಇದು ಕಲೆ ಅಲ್ಲವ್ವ, ಕಲ್ಲೇ ತಗ್ಗಾಗ್ಯಾದ" ಅಂದರು. ಅವರ ಮಾತು ನಿಜ. ಕಡಪ ಕಲ್ಲು, ನೆಲಕ್ಕೆ ಹಾಕುವ ಶಹಾಬಾದ್ ಪರ್ಸಿ, ಎರಡೂ ಸುಣ್ಣಕಲ್ಲು. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾಗುವುದೂ ಶಹಾಬಾದ್ ಸೀಮೆಯ ಇಂಥದೇ ಕಲ್ಲು. ನಲ್ಲಿಯ ಬಿಳಿ ಹೆಪ್ಪೂ ಈ ಕಲ್ಲೂ ಒಂದೇ ವಸ್ತುವಿನವು. ಹೆಪ್ಪನ್ನು ಕರಗಿಸುವ ಆಮ್ಲ ಕಲ್ಲನ್ನು ಬಿಟ್ಟೀತೇ? ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಬೇರೆ ಜಾತಿ, ನಿಂಬೆರಸಕ್ಕೆ ಅದು ಕರಗುವುದಿಲ್ಲ. ಅನುಮಾನ ಇದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ. ಹೊಳಪು ಹೋದರೆ, ಗುಳ್ಳೆ ಎದ್ದರೆ ಸುಣ್ಣಕಲ್ಲು. ಅಂಥ ಕಟ್ಟೆಗೆ ಸಾಬೂನು ನೀರೇ ಸರಿ.

ಇನ್ನು ಡಬ್ಬಿಗಳು. ನನ್ನ ಮಟ್ಟಿಗೆ ಹಬ್ಬದ ತೊಳೆಯುವಿಕೆಯ ಮುಖ್ಯ ಕೆಲಸ ಇಲ್ಲೇ ಇದೆ.

ನಮ್ಮ ಕಡೆ ಸೆಪ್ಟೆಂಬರ್ ತಿಂಗಳೇ ಮಳೆ ಜಾಸ್ತಿ. ಆ ತಂಪಿಗೆ ಕಾಳುಗಳು ಗಾಳಿಯ ತೇವ ಹೀರಿಕೊಂಡಿರುತ್ತವೆ. ನುಸಿಗೆ ಬೇಕಾದ್ದೂ ಅದೇ. ಹೆಣ್ಣು ನುಸಿ ಜೋಳದ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಮೇಲೆ ಅಂಟಿನಿಂದ ಮುಚ್ಚುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮರಿ ಒಳಗೇ ತಿಂದು ಬೆಳೆದು ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ. ಆದ್ದರಿಂದ ಮೊರದಲ್ಲಿ ಕೇರಿ ಹುಳ ತೆಗೆದ ಜೋಳ ಮತ್ತೆ ಹುಳ ಹಿಡಿದರೆ ಅದು ಹೊರಗಿನಿಂದ ಬಂದದ್ದೇ ಆಗಬೇಕಿಲ್ಲ, ಕಾಳಿನ ಒಳಗೇ ಇದ್ದಿರಬಹುದು. ತೊಗರಿ, ಹೆಸರು, ಅಲಸಂದೆಗೆ ಬರುವ ಹುಳ ಬೇರೆ, ಅದು ಕಾಳಿನ ಮೇಲೇ ಬಿಳಿ ಚುಕ್ಕೆಯಂತೆ ಮೊಟ್ಟೆ ಅಂಟಿಸುತ್ತದೆ. ಔಡಲೆಣ್ಣೆ ಸವರಿ ಇಟ್ಟರೆ ಆ ಮೊಟ್ಟೆಗಳು ಉಸಿರುಗಟ್ಟುತ್ತವೆ.

ಈ ಸೀಮೆಯ ಹಗೇವುಗಳಲ್ಲೂ ಉಸಿರಿನದೇ ಲೆಕ್ಕ. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಸೊಪ್ಪೆ, ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಯನ್ನು ಮಣ್ಣಿನಿಂದ ಮೆತ್ತುತ್ತಿದ್ದರು. ಒಳಗಿನ ಕಾಳು, ಹುಳ ಎಲ್ಲ ಉಸಿರಾಡಿ ಇದ್ದ ಆಮ್ಲಜನಕ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಆಮ್ಲಜನಕ ಶೇಕಡ 3ಕ್ಕಿಂತ ಕೆಳಗೆ ಬಂದು ಕೆಲವು ದಿನ ಹಾಗೇ ನಿಂತರೆ ಬಹುತೇಕ ಹುಳಗಳು ಸಾಯುತ್ತವೆ. ಹಗೇವು ತೆರೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುವ ರೂಢಿ ಇತ್ತು. ಅವಸರ ಮಾಡಿ ಇಳಿದವರು ಜೀವ ಕಳೆದುಕೊಂಡದ್ದೂ ಉಂಟು.

ಇದನ್ನು ನಮ್ಮ ಮಾಡಕ್ಕೆ ತಂದುಕೊಳ್ಳಬಹುದು. ದೊಡ್ಡ ಡಬ್ಬಿಯ ತಳದಲ್ಲಿ ಎರಡು ಸೇರು ಬೇಳೆ ಇದ್ದರೆ ಮೇಲೆಲ್ಲ ಗಾಳಿ. ಅದೇ ಬೇಳೆಯನ್ನು ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಕಂಠದವರೆಗೆ ತುಂಬಿ. ಹುಳಕ್ಕೆ ಗಾಳಿ ಕಡಿಮೆ. ಗುರೆಳ್ಳು, ಅಗಸೆ ಚಟ್ನಿಪುಡಿಗಂತೂ ಇದು ಬೇಕೇ ಬೇಕು. ಅದಕ್ಕೆ ಕಮಟು ವಾಸನೆ ಬರುವುದೂ ಗೋಡೆಯ ಎಣ್ಣೆ ಅಂಟಾಗುವುದೂ ಒಂದೇ ಆಮ್ಲಜನಕದ ಕೆಲಸ. ಕುಟ್ಟಿದ ಪುಡಿಗೆ ಗಾಳಿ ತಾಗುವ ಮೈ ಜಾಸ್ತಿ. ಸ್ವಲ್ಪ ಸ್ವಲ್ಪ ಕುಟ್ಟಿಕೊಳ್ಳುವುದೇ ಒಳ್ಳೆಯದು.

ಶೇಂಗಾ ಡಬ್ಬಿ ಖಾಲಿ ಮಾಡುವಾಗ ಬೂಷ್ಟು ಹಿಡಿದವು, ಮುರುಟಿದವು, ಕಹಿ ಆದವು ಕಂಡರೆ ಆರಿಸಿ ಹೊರಗೆ ಹಾಕಿ. ಕೆಟ್ಟ ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ ಶೇಂಗಾ ಹಿಂಡಿಯಲ್ಲಿ ಇದು ಪತ್ತೆಯಾಯಿತು. ಇದು ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ.

ಮಳೆ ನಿಂತು ಬಿಸಿಲು ಗಟ್ಟಿಯಾದ ಮೇಲೆ ಜೋಳ, ಬೇಳೆ ಒಣ ಹಾಕಿ. ಮಾಳಿಗೆಯಲ್ಲಿ ಕಪ್ಪು ಹಾಳೆಯ ಮೇಲೆ ಕಾಳನ್ನು ತೆಳ್ಳಗೆ ಹರವಿ, ಮೇಲೆ ತಿಳಿ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಕಾಳು 50 ಡಿಗ್ರಿ ದಾಟುತ್ತದೆ. ಕೆಲವು ಗಂಟೆ ಆ ಶಾಖ ನಿಂತರೆ ಒಳಗಿನ ಮರಿಯೂ ಉಳಿಯುವುದಿಲ್ಲ. ಆಮೇಲೆ ಹಾಳೆ ತೆಗೆದು ತೇವ ಆರಲು ಬಿಡಿ. ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಬಿರುಕು ಬಿಟ್ಟು ಬೇಯಿಸುವಾಗ ನುಚ್ಚಾಗುತ್ತದೆ. ಅದಕ್ಕೆ ನೆರಳು, ಗಾಳಿ ಸಾಕು.

ಸಂಜೆ ಆಯಿತೆಂದು ಬಿಸಿ ಕಾಳನ್ನು ಹಾಗೇ ಡಬ್ಬಿಗೆ ಸುರಿಯಬೇಡಿ. ರಾತ್ರಿ ಡಬ್ಬಿ ತಣ್ಣಗಾದಾಗ ಕಾಳಿನಿಂದ ಎದ್ದ ಉಗಿ ಮುಚ್ಚಳದ ಒಳಗೆ ಹನಿಯಾಗಿ ಮತ್ತೆ ಕಾಳಿನ ಮೇಲೇ ಬೀಳುತ್ತದೆ. ಮನೆಯೊಳಗೆ ತಂದು ಚಾಪೆಯ ಮೇಲೆ ಹರವಿ, ಕೈ ಇಟ್ಟರೆ ತಣ್ಣಗೆ ಅನಿಸಿದ ಮೇಲೆ ತುಂಬಿ. ನಮ್ಮನೆಯಲ್ಲಿ ಇದು ಊಟದ ಪಾತ್ರೆ ತೊಳೆದಾದ ಮೇಲೆ, ಎಲ್ಲರೂ ಕೂತು ಮಾಡುವ ಕೊನೆಯ ಕೆಲಸ.