ಹೊಸ ಮಾತುಗಾರರಿಗೆ ಸೌಜನ್ಯವೇ ತೊಡಕಾದಾಗ

ಕಾಸರಗೋಡಿನ ಯಾವುದೇ ಪೇಟೆಯಲ್ಲಿ ಒಂದೇ ಅಂಗಡಿಯ ಮುಂದೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಕೇಳಿಬರುವುದು ಹೊಸತೇನಲ್ಲ. ಗಿರಾಕಿಯ ಮೊದಲ ಮಾತು ಕಿವಿಗೆ ಬಿದ್ದೊಡನೆ ಅಂಗಡಿಯವರು ಅವರ ಭಾಷೆಗೆ ಹೊರಳುತ್ತಾರೆ; ಇದು ನಮ್ಮ ಊರಿನ ಸೌಜನ್ಯ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ನಡುವಯಸ್ಸಿನಲ್ಲಿ ತುಳು ಕಲಿಯಹೊರಟ ಕನ್ನಡಿಗರಿಗೆ, ಅಥವಾ ಅಜ್ಜಿಯ ಮಾತನ್ನು ಮರಳಿ ಕಲಿಯಬಯಸುವ ಕೊರಗ ಸಮುದಾಯದ ತರುಣಿಗೆ, ಈ ಸೌಜನ್ಯವೇ ವ್ಯಾಕರಣಕ್ಕಿಂತ ದೊಡ್ಡ ತೊಡಕಾಗುತ್ತದೆ.

ಅಲ್ಪಸಂಖ್ಯಾತ ಭಾಷೆಯೊಂದನ್ನು ತೊಟ್ಟಿಲಿನಿಂದ ಪಡೆಯದೆ, ಮುಂದೆ ತರಗತಿ, ಪುಸ್ತಕ, ಗೆಳೆತನಗಳ ಮೂಲಕ ಕಲಿತು ಬಳಸುವವರನ್ನು ಭಾಷಾವಿಜ್ಞಾನಿಗಳು ‘ಹೊಸ ಮಾತುಗಾರರು’ ಎನ್ನುತ್ತಾರೆ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳುವನ್ನು ತಾಯ್ನುಡಿಯೆಂದು ಬರೆಸಿದ್ದರೂ ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕೊರಗ ಭಾಷೆಯ ಸ್ಥಿತಿ ಇನ್ನೂ ಗಂಭೀರ.

ಮೊದಲ ಅಡ್ಡಿ ಕಿವಿಯದ್ದು. ಕೆನಡಾದ ಮನೋವಿಜ್ಞಾನಿ ಜಾನೆಟ್ ವೆರ್ಕರ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ಗಳ ವ್ಯತ್ಯಾಸವನ್ನು ಗುರುತಿಸಿದವು, ವರ್ಷ ತುಂಬುವ ಹೊತ್ತಿಗೆ ಅಂಥ ಶಿಶುಗಳಲ್ಲಿ ಆ ಸಾಮರ್ಥ್ಯ ಬಹುಪಾಲು ಕುಗ್ಗಿತ್ತು. ತುಳು ಕಲಿಯುವ ಕನ್ನಡಿಗರ ಪಾಡೂ ಇದೇ. ‘ಯಾನ್ ಬರ್ಪೆ’ ಎಂದರೆ ನಾನು ಬರುತ್ತೇನೆ, ‘ಆಯೆ ಬರ್ಪೆ’ ಎಂದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡು ‘ಬರ್ಪೆ’ಗಳೂ ಒಂದೇ, ಆದರೆ ಮೊದಲನೆಯದರ ಕೊನೆಯ ಸ್ವರವನ್ನು ಬಾಯಿ ಇನ್ನಷ್ಟು ತೆರೆದು ಉಚ್ಚರಿಸಬೇಕು. ಕ್ರಿಯಾಪದದಲ್ಲಿ ಬರುವವನು ಯಾರೆಂದು ಹೇಳುವುದು ಆ ಸ್ವರವೊಂದೇ. ಪುಸ್ತಕ ನೋಡಿ ಕಲಿತವರಿಗೆ ಅಂಥದೊಂದು ಭೇದ ಇದೆಯೆಂಬುದೇ ತಿಳಿಯುವುದಿಲ್ಲ. ಹಾಗೆಂದು ಆ ಬಾಗಿಲು ಶಾಶ್ವತವಾಗಿ ಮುಚ್ಚಿಹೋಗಿರುವುದಿಲ್ಲ; ಸಾಕಷ್ಟು ಕೇಳಿ, ಆಡಿ, ತಿದ್ದಿಸಿಕೊಂಡರೆ ವಯಸ್ಕರ ಕಿವಿಯೂ ಪಳಗುತ್ತದೆ.

ಆದರೆ ಆಡಲು ಬಿಡುವವರು ಬೇಕಲ್ಲ. ಕಲಿಯುವವರ ಸ್ವರ ಒಮ್ಮೆ ತಪ್ಪಿದರೆ ಸಾಕು, ಎದುರಿನವರು ಕನ್ನಡಕ್ಕೆ ಬದಲಾಯಿಸುತ್ತಾರೆ, ಪಾಠ ಅಲ್ಲಿಗೇ ನಿಲ್ಲುತ್ತದೆ. ಸ್ಪೇನಿನ ಕೆಟಲೋನಿಯಾ ಪ್ರಾಂತ್ಯದಲ್ಲಿಯೂ ಇದೇ ರೂಢಿಯಿತ್ತು: ಎದುರಿನವರು ಸ್ಪ್ಯಾನಿಷ್ ಮಾತಿನವರೆಂದು ತೋರಿದೊಡನೆ ಕೆಟಲಾನರು ತಮ್ಮ ನುಡಿಯನ್ನು ಬಿಟ್ಟುಕೊಡುತ್ತಿದ್ದುದನ್ನು ಮಾನವಶಾಸ್ತ್ರಜ್ಞೆ ಕ್ಯಾಥ್ರಿನ್ ವುಲಾರ್ಡ್ 1980ರ ದಶಕದಲ್ಲಿ ವಿವರವಾಗಿ ದಾಖಲಿಸಿದರು. ಆ ಮರ್ಯಾದೆಯಿಂದಾಗಿ ಕೆಟಲಾನ್ ‘ಒಳಗಿನವರ’ ಗುರುತಾಗಿಯೇ ಉಳಿದು, ಹೊರಗಿನವರಿಗೆ ಅದನ್ನಾಡುವ ಸಂದರ್ಭವೇ ಅಪರೂಪವಾಗಿತ್ತು.

ನಮ್ಮಲ್ಲಿ ಇದಕ್ಕೆ ಜಾತಿಯ ಎಳೆಯೂ ಸೇರಿಕೊಂಡಿದೆ. ಬ್ರಾಹ್ಮಣರ ತುಳುವಿಗೂ ಉಳಿದವರ ತುಳುವಿಗೂ ಉಚ್ಚಾರದಲ್ಲಿ, ಪದಗಳಲ್ಲಿ ವ್ಯತ್ಯಾಸವಿರುವುದರಿಂದ, ಹೊಸಬರು ಯಾವುದನ್ನು ಕಲಿತರೂ ‘ನಿಮ್ಮ ಮನೆ ಎಲ್ಲಿ, ಯಾರ ಪೈಕಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾರ ಪೈಕಿಯೂ ಅಲ್ಲದ ತುಳುವೊಂದು ಇರಬಾರದೇ ಎಂದು ನನಗೆ ಆಗಾಗ ಅನ್ನಿಸುವುದುಂಟು. ಕೊರಗರ ಸಂಗತಿ ಇದಕ್ಕಿಂತ ಕಹಿಯಾದದ್ದು. ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಆ ಭಾಷೆಯ ವ್ಯಾಕರಣವನ್ನು ವಿವರಿಸಿದ್ದಾರಾದರೂ ಸಮುದಾಯ ಹೊರಗಿನವರೊಡನೆ ತುಳುವನ್ನೇ ಆಡುತ್ತ ಬಂದಿದೆ. ಅಸ್ಪೃಶ್ಯತೆಯ ಅವಮಾನವನ್ನು ತಲೆಮಾರುಗಳಿಂದ ಉಂಡವರು ತಮ್ಮನ್ನು ಗುರುತಿಸಿಕೊಡುವ ಮಾತನ್ನು ಮಕ್ಕಳಿಗೆ ಕಲಿಸಲು ಹಿಂಜರಿದರೆ ಅದನ್ನು ಅಸಡ್ಡೆ ಎನ್ನಲಾಗದು.

ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ನಡುವೆ 1990ರ ದಶಕದ ಆರಂಭದಲ್ಲಿ, ಭಾಷಾವಿಜ್ಞಾನಿ ಲಿಯಾನ್ ಹಿಂಟನ್ ಅವರ ನೆರವಿನೊಂದಿಗೆ, ಗುರು–ಶಿಷ್ಯ ಮಾದರಿಯ ಯೋಜನೆಯೊಂದು ರೂಪುಗೊಂಡಿತು. ಹಿರಿಯರೊಬ್ಬರು, ಕಲಿಯುವವರೊಬ್ಬರು ವಾರಕ್ಕೆ ಹತ್ತಿಪ್ಪತ್ತು ಗಂಟೆ ಅಡುಗೆಯನ್ನೋ ಮನೆಗೆಲಸವನ್ನೋ ಮಾಡುತ್ತ ಕಳೆಯಬೇಕು. ಅರ್ಥವಾಗದಿದ್ದರೆ ಸನ್ನೆ ಮಾಡಬಹುದು, ಇಂಗ್ಲಿಷಿಗೆ ಜಾರುವಂತಿಲ್ಲ. ನಿಯಮವನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿರುವುದರಿಂದ ಎದುರಿನವರ ಭಾಷೆಗೆ ಹೊರಳದಿರುವುದು ಒರಟುತನವಾಗುವುದಿಲ್ಲ. ಬುಟ್ಟಿ ಹೆಣೆಯುತ್ತ ಕುಳಿತ ಕೊರಗ ಹಿರಿಯರ ಪಕ್ಕದಲ್ಲಿ ಈ ಕ್ರಮ ಚೆನ್ನಾಗಿಯೇ ಒಗ್ಗೀತು. ಆದರೆ ಅವರಿಗೆ ಹತ್ತು ಗಂಟೆಯೆಂದರೆ ಒಂದು ದಿನದ ದುಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಗುರುವಿಗೂ ಶಿಷ್ಯರಿಗೂ ಗೌರವಧನ ಕೊಡುತ್ತಾರೆ. ಆ ಯೋಜನೆಯಿಂದ ನಾವು ಮೊದಲು ಎರವಲು ತರಬೇಕಾದದ್ದು ಆ ಏರ್ಪಾಡನ್ನು.