‘ಧ’ದ ಹೊಟ್ಟೆಯ ಸೀಳು ಎಲ್ಲಿ ಹೋಯಿತು?

ಅಂಗಡಿಯೊಂದಕ್ಕೆ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಅಚ್ಚಾದ ವಿನೈಲ್ (ಪ್ಲಾಸ್ಟಿಕ್) ಸ್ಟಿಕ್ಕರ್ ಒಂದು ನನ್ನ ಮೇಜಿನ ಮೇಲಿದೆ. ಮೇಲೆ ದೊಡ್ಡದಾಗಿ ‘ಧನಲಕ್ಷ್ಮಿ’ ಅಂತ ಚೆನ್ನಾಗಿಯೇ ಇದೆ. ಕೆಳಗೆ ವಿಳಾಸದ ಸಣ್ಣ ಸಾಲಿನಲ್ಲಿ ಅದೇ ಹೆಸರು ‘ದನಲಕ್ಷ್ಮಿ’ ಆಗಿದೆ. ಕಾಗುಣಿತದ ತಪ್ಪಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಹೊಟ್ಟೆ ಸೀಳುವ ಪುಟ್ಟ ಗೆರೆ ಮೂಡೇ ಇಲ್ಲ. ಒತ್ತಕ್ಷರಗಳ ಒಳಗಿನ ಜಾಗ ಇಂಕು ತುಂಬಿ ಬೊಟ್ಟಾಗಿದೆ.

‘ಮೊಬೈಲಿನಲ್ಲಿ ಸರಿಯಾಗಿತ್ತಲ್ಲ’ ಅಂತ ಅಚ್ಚು ಹಾಕಿಸುವವರೆಲ್ಲ ಹೇಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಮೊಬೈಲು ಬೆಳಕಿನಲ್ಲಿ ಬರೆಯುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಜರಡಿಯಲ್ಲಿ ಬರೆಯುತ್ತದೆ.

ರಂಗೋಲಿ ಅಚ್ಚು ನೋಡಿದ್ದೀರಿ, ಅಲ್ವಾ? ತೂತಿದ್ದಲ್ಲಿ ಪುಡಿ ಬೀಳುತ್ತದೆ, ಇಲ್ಲದಲ್ಲಿ ಬೀಳುವುದಿಲ್ಲ. ಇಲ್ಲೂ ಅಷ್ಟೇ. ಚೌಕಟ್ಟಿಗೆ ಬಿಗಿದ ಬಲೆಗೆ ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಶನ್ ಎಂಬ ದ್ರವ ಬಳಿಯುತ್ತಾರೆ. ಅದರ ಮೇಲಿಟ್ಟ ಪಾರದರ್ಶಕ ಫಿಲ್ಮಿನ ಕಪ್ಪು ಅಕ್ಷರ ಬೆಳಕನ್ನು ತಡೆಯುತ್ತದೆ. ತಡೆದಷ್ಟು ಜಾಗ ನೀರಲ್ಲಿ ತೊಳೆದುಹೋಗಿ ತೂತಾಗುತ್ತದೆ. ಬಲೆ ಮೊದಲು ರೇಷ್ಮೆಯದಿತ್ತು. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ. ಈಗ ಪಾಲಿಯೆಸ್ಟರ್.

ಈಗ ಲೆಕ್ಕ ನೋಡಿ. ಸೆಂಟಿಮೀಟರಿಗೆ 120 ದಾರದ ಬಲೆ ಸಾಕಷ್ಟು ನಯ. ಆದರೂ ಒಂದು ದಾರದಿಂದ ಇನ್ನೊಂದಕ್ಕೆ 0.083 ಮಿ.ಮೀ. ನಿಮ್ಮ ಗೆರೆ 0.1 ಮಿ.ಮೀ. ಇದ್ದರೆ ಅದರ ಒಂದಷ್ಟು ಭಾಗ ದಾರದ ಮೇಲೇ ಕೂರುತ್ತದೆ. ಕಿಟಕಿ ಸರಳಿನ ಹಿಂದೆ ನಿಂತ ದಾರಿಹೋಕನ ಹಾಗೆ, ಸರಳಿಗಿಂತ ದಪ್ಪಗಿದ್ದರೆ ಕಾಣುತ್ತಾನೆ, ಸಪೂರವಿದ್ದರೆ ಮಾಯ. ಧ, ಫ, ಭಗಳ ಸೀಳು ಕಳೆದುಹೋಗುವುದು ಹೀಗೆ.

ಒತ್ತಿನ ಕಥೆ ಉಲ್ಟಾ. ಬಟ್ಟೆ ಇಂಕನ್ನು ಹೀರುತ್ತದೆ, ವಿನೈಲ್ ಹೀರುವುದಿಲ್ಲ. ಇಂಕು ಮೇಲೆಯೇ ನಿಂತು, ಒಣಗುವ ಮುಂಚೆ ಒಂಚೂರು ಹರಡುತ್ತದೆ. ಕೆಸುವಿನ ಎಲೆ ಮೇಲಿನ ನೀರನ್ನು ಬೆರಳಲ್ಲಿ ಒತ್ತಿದ ಹಾಗೆ. ಅದಕ್ಕೇ ಗೆರೆಯೂ ದಪ್ಪ ಬೇಕು, ಗೆರೆಗಳ ನಡುವಿನ ಖಾಲಿಯೂ ಜಾಸ್ತಿ ಬೇಕು.

ತಿಳಿ ಬಣ್ಣದ ಛಾಯೆಗೂ ಇದೇ ನಿಯಮ. ಜರಡಿಗೆ ‘ಅರ್ಧ ಇಂಕು’ ಗೊತ್ತಿಲ್ಲ. ಚುಕ್ಕಿಗಳಾಗಿ ಒಡೆಯಬೇಕು. ಚುಕ್ಕಿಯ ಸಾಲು ಬಲೆಯ ಸಾಲಿಗೆ ಸರಿಹೊಂದದಿದ್ದರೆ, ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಾಕಿದಾಗ ಕಾಣುವ ಅಲೆಗಳೇ ಚಿತ್ರದಲ್ಲೂ ಮೂಡುತ್ತವೆ.

ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಚ್ಚಿನವರಿಗೆ ಹಾಗೇ ಕಳಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಚಿತ್ರಕ್ಕೆ, ಬದಲಿಸಿ ಕಳಿಸಿ.

ಆ ಅಂಗಡಿಯವರು ವಿಳಾಸದ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಹೊಸ ಸ್ಕ್ರೀನ್ ಮಾಡಿಸಿದರು. ಎರಡನೇ ಸ್ಟಿಕ್ಕರೂ ನನ್ನ ಮೇಜಿನ ಮೇಲಿದೆ. ಭೂತಗನ್ನಡಿ ಇಲ್ಲದೆಯೇ ‘ಧ’ ಓದಬಹುದು.