ಅತ್ತೆ ಗಂಟಿನ ವಿಷಯ ಮೊದಲೇ ಯಾಕೆ ಹೇಳಲಿಲ್ಲ?

ಪ್ರಶ್ನೆ: ನಮ್ಮ ಅತ್ತೆಯ ಎದೆಯಲ್ಲಿ ಎಂಟು ತಿಂಗಳಿಂದ ಗಂಟಿತ್ತಂತೆ. ಈಗ ಬಾಯಿ ಬಿಟ್ಟಿದ್ದಾರೆ. ಓದಿಲ್ಲದ ಹಳ್ಳಿ ಹೆಂಗಸರು ಯಾಕೆ ಸರ್ ಹೀಗೆ ಮುಚ್ಚಿಡುತ್ತಾರೆ?

ಉತ್ತರ: ಒಂದು ಸಲ ಅತ್ತೆ, ಇನ್ನೊಂದು ಸಲ ಅಮ್ಮ, ಮತ್ತೊಂದು ಸಲ ಚಿಕ್ಕಮ್ಮ. ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕ ತಪ್ಪಿದೆ. ಮೊದಲು ಅವರನ್ನು ಕರೆದುಕೊಂಡು ಹೋಗಿ ತೋರಿಸಿ. ಇದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಓದು ಕಡಿಮೆ, ದುಡ್ಡು ಕಡಿಮೆ, ಆಸ್ಪತ್ರೆ ದೂರ. ಹೀಗಿದ್ದವರು ಜಾಸ್ತಿ ತಡ ಮಾಡುತ್ತಾರೆ, ನಿಜ. ಆದರೆ ಓದೊಂದನ್ನೇ ದೂರಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನದ ತಪಾಸಣೆ ಮಾಡಿಸಿಕೊಂಡವರು 100ಕ್ಕೆ ಒಬ್ಬರೂ ಇಲ್ಲ. ಗರ್ಭಕಂಠದ ತಪಾಸಣೆ ಆದವರು ಇಬ್ಬರೂ ಇಲ್ಲ. ಅದೇ ಸಮೀಕ್ಷೆಯಲ್ಲಿ 100ಕ್ಕೆ 71 ಹೆಂಗಸರು ಓದುಬರಹ ಬಲ್ಲವರು. ಹಾಗಾದರೆ ಓದಿದವರೆಲ್ಲ ಎಲ್ಲಿ ಹೋದರು?

ನಿಮ್ಮ ಅತ್ತೆ ಯಾರಿಗೆ ಹೇಳಬೇಕಿತ್ತು ಹೇಳಿ. ಮಗನ ಹತ್ತಿರ ಎದೆ ವಿಷಯ ಎತ್ತಲು ನಾಚಿಕೆ. ಸೊಸೆಗೆ ಹೇಳಿದರೆ ಮನೆಗೆಲ್ಲ ಗೊತ್ತಾಗುತ್ತದೆ. ಒಬ್ಬರೇ ಹೋಗೋಣವೆಂದರೆ ಬಸ್ಸು, ಚೀಟಿ ಸಾಲು, ಒಂದು ದಿನದ ಕೂಲಿ. ಅಲ್ಲಿ ಕೂತಿರುವ ಡಾಕ್ಟರು ಗಂಡಸು.

ಇದೆಲ್ಲದಕ್ಕಿಂತ ಗಟ್ಟಿಯಾಗಿ ಬೇರು ಬಿಟ್ಟಿರುವುದು ಒಂದು ಮಾತು. "ನೋವಿಲ್ಲ, ಅದಕ್ಕೇ ಸುಮ್ನಿದ್ದೆ."

ಈ ಮಾತನ್ನು ರಾಗಿ ಹೊಲದಲ್ಲಿ ಕಳೆ ಕೀಳುವವರೂ ಹೇಳಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಹೇಳಿದ್ದಾರೆ. ಮೈಮುರಿದು ದುಡಿಯುವವರಿಗೆ ಕಾಯಿಲೆ ಅಳೆಯಲು ಒಂದೇ ಅಳತೆಗೋಲು: ನಾಳೆ ಕೆಲಸಕ್ಕೆ ಹೋಗಲು ಆಗುತ್ತಾ, ಇಲ್ವಾ? ಗಂಟು ಕೆಲಸಕ್ಕೆ ಅಡ್ಡ ಬರಲಿಲ್ಲ, ಆದ್ದರಿಂದ ಅದು ಕಾಯಿಲೆಯೇ ಅಲ್ಲ. ಓದಿದವರು ಅದನ್ನೇ "ಹಾರ್ಮೋನ್ ಇರಬೇಕು" ಎಂದು ಇಂಗ್ಲಿಷ್ ಸೇರಿಸಿ ಹೇಳುತ್ತಾರೆ, ಅಷ್ಟೇ.

ಹಲ್ಲು ಹುಳುಕು ಹಿಡಿದ ದಿನವೇ ನೋಯುತ್ತದಾ? ಇಲ್ಲ ಅಲ್ವಾ? ಹುಳುಕು ಒಳಗಿನ ನರದ ತನಕ ಹೋದ ಮೇಲೆ ರಾತ್ರಿಯಿಡೀ ನಿದ್ದೆ ಕೆಡಿಸುತ್ತದೆ. ಕ್ಯಾನ್ಸರ್ ಕೂಡ ಬಹಳ ಸಲ ಹೀಗೇ. ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಅದು ಚರ್ಮ ಒಡೆದಾಗಲೋ, ನರ ಒತ್ತಿದಾಗಲೋ, ಮೂಳೆಗೆ ಇಳಿದಾಗಲೋ ನೋವು ಬರುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ಮುಟ್ಟಿನ ಮುಂಚೆ ಎರಡೂ ಎದೆ ಭಾರವಾಗಿ ನೋಯುವುದು ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಅಂದರೆ ನೋಯುವುದಕ್ಕೆ ಹೆದರಿ ಓಡಿ ಬರುತ್ತೇವೆ, ನೋಯದೇ ಇರುವುದನ್ನು ಸೆರಗಿನಲ್ಲಿ ಮುಚ್ಚಿಡುತ್ತೇವೆ! ಬಾಯಲ್ಲಿ ಎದ್ದ ಬಿಳಿ ಮಚ್ಚೆ ನೋಯುವುದಿಲ್ಲ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಾಣುವ ರಕ್ತವೂ ನೋಯಬೇಕೆಂದಿಲ್ಲ.

ಇಲ್ಲಿ ನಮ್ಮ ಡಾಕ್ಟರುಗಳ ತಪ್ಪೂ ಇದೆ. ರೋಗಿ ಕೂತ ಕೂಡಲೇ "ಎಲ್ಲಿ ನೋವು?" ಎಂದೇ ಶುರು ಮಾಡುತ್ತೇವೆ. "ಮೈಯಲ್ಲಿ ಮೊದಲು ಇಲ್ಲದ್ದು ಏನಾದರೂ ಕಾಣಿಸಿತಾ?" ಎಂದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಮನೆಯಲ್ಲೂ ಹಾಗೇ ಕೇಳಿ.

ಎಲ್ಲಿಗೆ ಹೋಗಬೇಕು ಎಂದರೆ, ಮೊದಲ ದಿನವೇ ಬೆಂಗಳೂರಿನ ಕಿದ್ವಾಯಿಗೆ ಬಸ್ಸು ಹತ್ತಬೇಕಿಲ್ಲ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಅತ್ತೆಯ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇದೆಯಾ? "ಹೊಗೆಸೊಪ್ಪು ಹಾಕಲ್ಲ, ಬರೀ ಅಡಿಕೆ" ಎಂದು ಜಂಬದಿಂದ ಹೇಳುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದಿದೆ. ಮಲೆನಾಡಿನ ಓದುಗರು ಇದಕ್ಕೂ ಬೈಯುತ್ತಾರೆ, ಬೈಯಲಿ. ಅಡಿಕೆ ಅಗಿಯುವವರ ಕೆನ್ನೆಯ ಒಳಭಾಗ ಬಿಗಿಯಾಗಿ, ಬಾಯಿ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತದೆ. ಖಾರ ತಾಗಿದರೆ ಉರಿಯುತ್ತದೆ. ಅವರದೇ ಮೂರು ಬೆರಳು ಜೋಡಿಸಿ, ನಿಲುವಾಗಿ ಬಾಯೊಳಗೆ ಇಡಲು ಹೇಳಿ. ಹಿಡಿಸದಿದ್ದರೆ ಗಂಟಿನ ಜೊತೆಗೆ ಬಾಯನ್ನೂ ತೋರಿಸಿಕೊಂಡು ಬನ್ನಿ.